ಬಾಗಿಲು ಹಾಕಿಕೊಂಡು ಹೊಲಿದ ಕೌದಿ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಮಾನ್ವಿಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಹೆಂಡತಿ ಬಸುರಿ. ಹೆರಿಗೆಯಾಗುವತನಕ ಮಂಚ ಬಿಟ್ಟು ಏಳಕೂಡದು ಎಂದು ರಾಯಚೂರಿನ ಡಾಕ್ಟರಮ್ಮ ಹೇಳಿದ್ದರು.

ನಮ್ಮ ಕಡೆ ಚೊಚ್ಚಲ ಕೂಸಿಗೆ ಹಾಸುವ, ಬಟ್ಟೆಯ ತುಂಡು ಜೋಡಿಸಿ ಹೊಲಿದ ಕೌದಿ ತಾಯಿಯ ತವರಿನಿಂದ ಬರಬೇಕು. ಅವಳ ತವರು ದೇವದುರ್ಗ. ತಾಯಿ ತೀರಿಹೋಗಿದ್ದರು; ಇದ್ದವರು ತಂದೆಯೊಬ್ಬರೇ, ಅವರೂ ವರ್ಷದ ಬಹುಪಾಲು ಕುರಿಗಳ ಹಿಂದೆ. ಒಂದು ಸಂಜೆ ಅವಳು ಗೋಡೆಯತ್ತ ಮುಖ ಮಾಡಿ, "ನಮ್ಮವ್ವ ಇದ್ದಿದ್ರ ಇಷ್ಟೊತ್ತಿಗಿ ಕೌದಿ ಮುಗಸ್ತಿದ್ಲು" ಎಂದಳು. ಅತ್ತಳೋ ಇಲ್ಲವೋ ನೋಡಲು ನನಗೆ ಧೈರ್ಯವಾಗಲಿಲ್ಲ. "ನಾ ಹೊಲೀತೀನಿ ತಗೋ" ಎಂದುಬಿಟ್ಟೆ.

ಹೊಲಿಗೆ ನನಗೆ ಬರುತ್ತಿತ್ತು. ನಮ್ಮೂರು ಗಿಲ್ಲೆಸುಗೂರಿನಲ್ಲಿ ನಮ್ಮವ್ವ ಕೌದಿಗೆ ಕೂತರೆ, ಹೆಣ್ಣುಮಕ್ಕಳಿಲ್ಲದ ಮನೆಯಲ್ಲಿ ಸೂಜಿಗೆ ದಾರ ಪೋಣಿಸುವವನು ನಾನೇ. ನೋಡನೋಡುತ್ತ ಕಲಿತಿದ್ದೆ. ಈಗ ಅವ್ವನ ಕಣ್ಣು ಮಂಜಾಗಿತ್ತು, ಹೊಲಿಯಲಾಗುತ್ತಿರಲಿಲ್ಲ. ಆದರೆ ಗಂಡಸು ಕೌದಿ ಹೊಲಿದದ್ದನ್ನು ನಾನು ಎಲ್ಲೂ ಕಂಡಿರಲಿಲ್ಲ.

ರಾಯಚೂರಿನ ದರ್ಜಿಯೊಬ್ಬ ಕುಪ್ಪಸ ಹೊಲಿದು ಉಳಿದ ಬಟ್ಟೆಯನ್ನು ಅಂಗೈಯಗಲದ ಚೌಕಗಳಾಗಿ ಕತ್ತರಿಸಿ, ಕಟ್ಟು ಕಟ್ಟಿ ಮಾರುತ್ತಿದ್ದ. "ಮನ್ಯಾಗ ಯಾರ್ ಹೊಲೀತಾರ್ರೀ?" ಎಂದ.

"ನಮ್ಮವ್ವ" ಎಂದೆ. ಸುಳ್ಳು ಅಲ್ಲಿಂದಲೇ ಸುರುವಾಯಿತು.

ರಜೆಯ ದಿನ ಬಾಗಿಲಿಗೆ ಚಿಲಕ ಹಾಕಿ, ಅವ್ವನ ಹಳೆಯ ಮೆತ್ತನೆಯ ಸೀರೆಯನ್ನು ಮಡಿಕೆ ಮಾಡಿ ನೆಲಕ್ಕೆ ಹಾಸುತ್ತಿದ್ದೆ. ಅದರ ಮೇಲೆ ಚೌಕಗಳನ್ನಿಟ್ಟು, ಅಂಚು ಒಳಗೆ ಮಡಚಿ, ಸಾಲು ಹಿಡಿದು ಹೊಲಿಯುವುದು. ಮಂಚದ ಮೇಲಿನಿಂದ ಅವಳ ಅಪ್ಪಣೆ: "ಆ ಹಸರು ಬ್ಯಾಡ್ರಿ, ಕೆಂಪಿನ ಬಾಜೂಕ ಹಳದಿ ಇಡ್ರಿ." ಆ ಹೊತ್ತಿನಲ್ಲಿ ಇಬ್ಬರೂ ಖುಷಿಯಾಗಿರುತ್ತಿದ್ದೆವು.

ಒಂದು ದಿನ ಹಿತ್ತಲ ಬಾಗಿಲು ಹಾಕುವುದನ್ನು ಮರೆತಿದ್ದೆ. ಕಚೇರಿಯ ಹೆಡ್ ಕ್ಲರ್ಕ್ ಕಪಾಟಿನ ಕೀಲಿ ಕೇಳಲು ಆ ಕಡೆಯಿಂದ ಒಳಗೆ ಬಂದರು. ನಾನು ಕಾಲ ಹೆಬ್ಬೆರಳಿಗೆ ಬಟ್ಟೆ ಸಿಗಿಸಿ, ಬಾಯಲ್ಲಿ ದಾರ ಕಚ್ಚಿಕೊಂಡು ಕೂತಿದ್ದೆ.

"ಏನ್ರೀ, ಬಸರಿ ಅವರೋ ನೀವೋ?"

ಮರುದಿನ ನನ್ನ ಮೇಜಿನ ಮೇಲೆ ಹರಿದ ಟವೆಲ್ಲೊಂದು ಬಿದ್ದಿತ್ತು. "ಸ್ವಲ್ಪ ತ್ಯಾಪಿ ಹಚ್ಚಿಕೊಡ್ರಿ" ಎಂದು ಯಾರೋ ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದವನೇ ಕೌದಿಯನ್ನು ಸುತ್ತಿ ಮಂಚದ ಕೆಳಗೆ ನೂಕಿದೆ.

ವಾರವೆರಡು ಕಳೆದಿರಬೇಕು. ಕಚೇರಿಯಿಂದ ಬಂದು ನೋಡಿದರೆ, ಅವಳು ಮಲಗಿದಲ್ಲೇ ಕೌದಿಯನ್ನು ಹೊಟ್ಟೆಯ ಮೇಲೆಳೆದುಕೊಂಡು ಹೊಲಿಯುತ್ತಿದ್ದಳು. ಹೊಲಿಗೆ ಅಡ್ಡಾದಿಡ್ಡಿ, ಸೂಜಿ ಚುಚ್ಚಿ ಹಳದಿ ಚೌಕದ ಮೇಲೆ ರಕ್ತದ ಕಲೆ.

"ಏನ್ ಮಾಡಾಕತ್ತೀಯಬೇ?"

"ಏಳಬ್ಯಾಡ ಅಂದಾರ. ಹೊಲಿಬ್ಯಾಡ ಅಂದಿಲ್ಲಲ್ಲ."

ಸೂಜಿಯನ್ನು ಅವಳ ಕೈಯಿಂದ ತೆಗೆದುಕೊಂಡೆ. ಅವಳು ಬಿಟ್ಟಲ್ಲಿಂದಲೇ ಮುಂದಕ್ಕೆ ಹೊಲಿದೆ.

ಹೆರಿಗೆ ರಾಯಚೂರಿನಲ್ಲಿ ಸುಸೂತ್ರವಾಯಿತು. ಹೆಣ್ಣುಕೂಸು. ತೊಟ್ಟಿಲ ಕಾರ್ಯ ತಮ್ಮ ಮನೆಯಲ್ಲೇ ಆಗಬೇಕೆಂದು ಮಾವ ಹಟ ಹಿಡಿದರು. ದೇವದುರ್ಗಕ್ಕೆ ಹೋಗುವ ಬಸ್ಸಿನಲ್ಲಿ ನಾನು ಹೆಂಡತಿಗೆ, "ಯಾರರ ಕೇಳಿದ್ರ ನಮ್ಮವ್ವ ಹೊಲದಾಳಂತ ಹೇಳು" ಎಂದು ಬೇಡಿಕೊಂಡೆ. ಅವಳು ಕಿಟಕಿಯಾಚೆ ನೋಡುತ್ತ ಕೂತಳು.

ತೊಟ್ಟಿಲ ಕಾರ್ಯದ ದಿನ ನೆರೆಮನೆಯ ಮುದುಕಿಯೊಬ್ಬಳು ಕೌದಿಯನ್ನು ತಿರುಗಿಸಿ ನೋಡಿ, "ಯಾರ ಕೈ ಇದು, ಯವ್ವಾ?" ಎಂದಳು.

"ನಮ್ಮ ಮನಿಯವ್ರದು" ಎಂದಳು ಹೆಂಡತಿ.

ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನನ್ನ ಕಿವಿ ಬಿಸಿಯಾದವು. ಅಷ್ಟರಲ್ಲಿ ನಗು ನಿಂತಿತು; ಮಾವ ಎದ್ದು ಬಂದಿದ್ದರು. ಕೌದಿಯ ಮೇಲೆ ಕೈಯಾಡಿಸಿ, "ತವರಿನ ಕೌದಿ ಅಳಿಯ ಹೊಲಿಯೋದಾತು. ನಾ ಬದುಕಿ ಏನ್ ಮಾಡಿದಂಗಾತು?" ಎಂದರು. ರುಮಾಲಿನ ಸೆರಗಿನಿಂದ ಮುಖ ಮುಚ್ಚಿಕೊಂಡು ಕುರಿಹಟ್ಟಿಯ ಕಡೆ ನಡೆದರು.

ಆ ಮನೆಯಲ್ಲಿ ಮಾನ ಹೋದದ್ದು ನನ್ನದೊಂದೇ ಅಂದುಕೊಂಡಿದ್ದೆ. ಹಿಂದೆಯೇ ಹೋದೆ. "ತಪ್ಪ್ ತಿಳಕೋಬ್ಯಾಡ್ರಿ, ಮಾವಾರೆ" ಎಂದೆ. ಇಬ್ಬರೂ ಕುರಿಗಳನ್ನೇ ನೋಡುತ್ತ ನಿಂತೆವು.

ಮುದುಕಿ ಒಳಗಿನಿಂದ ಕೂಗಿದಳು: "ಒಂದು ಮೂಲಿ ಹಂಗೇ ಬಿಚ್ಚಿ ಅದ. ಹೊಟ್ಟಿ ತುಂಬಸಾಕ ತವರಿನವ್ರು ಬೇಕು, ಬರ್ರಿ!"

ಕೌದಿಯ ಹೊಟ್ಟೆ ಖಾಲಿ ಇರಬಾರದು. ಕೊನೆಯ ಚೌಕ ಮುಚ್ಚುವ ಮುಂಚೆ ತವರಿನವರು ಒಳಗೆ ಒಂದು ಚೂರು ರೊಟ್ಟಿ ಇಡಬೇಕು; ಆ ಮೂಲೆಯನ್ನು ಅದಕ್ಕೆಂದೇ ಬಿಟ್ಟಿದ್ದೆ. ಮಾವ ಬಂದು ಜೋಳದ ರೊಟ್ಟಿ ಮುರಿದು ಒಳಗಿಟ್ಟರು. ಎಲ್ಲರೆದುರಿಗೆ ನಾನು ಹೊಲಿದೆ. ನಾಚಿಕೆ ಹೋಗಿರಲಿಲ್ಲ, ಹೋಯಿತು ಎಂದರೆ ಸುಳ್ಳಾಗುತ್ತದೆ. ಕೂಸನ್ನು ಅದರ ಮೇಲೆ ಮಲಗಿಸಿ ತೊಟ್ಟಿಲು ತೂಗಿದರು.

ಊಟಕ್ಕೆ ಮಾವ ನನ್ನ ಪಕ್ಕದಲ್ಲೇ ಕೂತರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನಡುವೆ ಒಮ್ಮೆ ಅವರು ತಮ್ಮ ತಾಟಿನ ಹೋಳಿಗೆಯನ್ನು ಎತ್ತಿ ನನ್ನ ತಾಟಿಗೆ ಹಾಕಿದರು.