ಅಪ್ಪ ಒಪ್ಪದ ಸಾಕ್ಷಿ

ಆ ಕಾಲದಲ್ಲಿ ಕೆಲಗೇರಿ ಕೆರೆಯ ಎದೆಮಟ್ಟದ ನೀರಿಗೆ ಇಳಿಯದೆ ನಮ್ಮ ಸಭೆಯಲ್ಲಿ ಯಾರೂ ಪೂರ್ತಿ ಸದಸ್ಯರಾಗುತ್ತಿರಲಿಲ್ಲ. ನಮ್ಮದು ಬ್ಯಾಪ್ಟಿಸ್ಟ್ ಸಭೆ. ಕೂಸಿನ ತಲೆಗೆ ನೀರು ಚಿಮುಕಿಸುವ ಪದ್ಧತಿ ನಮ್ಮಲ್ಲಿಲ್ಲ. ಬುದ್ಧಿ ತಿಳಿದ ಮೇಲೆ ತಾನಾಗಿಯೇ ಎದ್ದು ನಿಂತು ದೀಕ್ಷಾಸ್ನಾನ ಬೇಕೆಂದು ಕೇಳಬೇಕು. ಯಾಕೆ ಬೇಕೆಂದು ಎಲ್ಲರ ಮುಂದೆ ಬಾಯಿಬಿಟ್ಟು ಹೇಳಬೇಕು. ಅದಕ್ಕೆ ಸಾಕ್ಷಿ ಎನ್ನುತ್ತಿದ್ದೆವು. ಪಾಸ್ಟರ್ ಒಪ್ಪಿದರೆ ಮುಂದಿನ ಭಾನುವಾರ ಕೆರೆಯಲ್ಲಿ ಪೂರ್ತಿ ಮುಳುಗಿ ಏಳುವುದು.

ಆ ಪಾಸ್ಟರ್ ನನ್ನ ಅಪ್ಪ.

ಹುಬ್ಬಳ್ಳಿ-ಧಾರವಾಡದಲ್ಲಿ ಅಪ್ಪನ ಪ್ರಸಂಗ ಕೇಳದ ಕ್ರೈಸ್ತರ ಮನೆ ಇರಲಿಲ್ಲ ಎಂದರೆ ಜಂಬವಾದೀತು, ಆದರೂ ಹೇಳುತ್ತೇನೆ. ಗಬ್ಬೂರಿನ ಬಯಲಲ್ಲಿ ಶಾಮಿಯಾನ ಹಾಕಿ ಕೂಟ ಇಟ್ಟರೆ ಲಕಮನಹಳ್ಳಿಯ ಫ್ಯಾಕ್ಟರಿಗಳಲ್ಲಿ ಪಾಳಿ ಮುಗಿಸಿದವರು ಎಣ್ಣೆ ಹತ್ತಿದ ಬಟ್ಟೆಯಲ್ಲೇ ಟೆಂಪೊ ಹತ್ತಿ ಬರುತ್ತಿದ್ದರು. ಅಪ್ಪನ ಗಂಟಲಿಗೆಂದು ಅವ್ವ ಲವಂಗ, ಜೇಷ್ಠಮಧು, ಕಲ್ಲುಸಕ್ಕರೆ ಹಾಕಿ ನೀರು ಕುದಿಸುತ್ತಿದ್ದಳು. ಆ ವಾಸನೆಯೇ ನಮ್ಮ ಮನೆಯ ವಾಸನೆ. ಮನೆಯಲ್ಲಿದ್ದಾಗ ಅಪ್ಪ ಮಾತಾಡುತ್ತಿರಲಿಲ್ಲ, ದನಿಗೆ ವಿಶ್ರಾಂತಿ ಬೇಕಲ್ಲ. ಊರಿಗೆಲ್ಲ ಹಂಚಿ ಮುಗಿದ ಮೇಲೆ ನಮ್ಮ ಪಾಲಿಗೆ ಬರೀ ಕೈಸನ್ನೆ ಉಳಿಯುತ್ತಿತ್ತು. ನನಗೆ ಇದಕ್ಕೆ ಸಿಟ್ಟು ಬರುತ್ತಿತ್ತು. ಸುಳ್ಳೇಕೆ, ಈಗಲೂ ಸ್ವಲ್ಪ ಬರುತ್ತದೆ.

ಬೇಸಗೆ ರಜೆಯಲ್ಲಿ ನಾನೂ ನೆರೆಮನೆಯ ರೂತಳೂ ಹಿತ್ತಲಿನ ನೀರಿನ ಟಾಕಿಯಲ್ಲಿ ದೀಕ್ಷಾಸ್ನಾನದ ಆಟ ಆಡುತ್ತಿದ್ದೆವು. ಬಟ್ಟೆಯ ಗೊಂಬೆಗಳೆಲ್ಲ ಮುಗಿದ ಮೇಲೆ ಅವರ ಮನೆಯ ಕೋಳಿಯನ್ನೂ ಬಿಡಲಿಲ್ಲ. ಅದು ಸಾಕ್ಷಿ ಹೇಳದೆ ಗೋಡೆ ಹಾರಿತು. ಪಾಸ್ಟರ್ ಯಾವಾಗಲೂ ನಾನೇ. ಅಪ್ಪ ಹೇಗೆ ಹಿಡಿಯುತ್ತಾರೆಂಬುದು ನನಗೆ ಬಾಯಿಪಾಠವಾಗಿತ್ತು: ಒಂದು ಕೈ ಕತ್ತಿನ ಹಿಂದೆ, ಇನ್ನೊಂದು ಎದೆಯ ಮೇಲೆ. ಕೆರೆಯ ದಂಡೆಯಲ್ಲಿ ಕೂತು ನಾನು ನೋಡುತ್ತಿದ್ದುದು ಅದೊಂದನ್ನೇ. ಮುದುಕರು, ಮೀಸೆ ಬಂದವರು, ಗುರುತೇ ಇಲ್ಲದವರು, ಎಲ್ಲರನ್ನೂ ಅಪ್ಪ ಹಸುಗೂಸಿನಂತೆ ಹಿಡಿಯುತ್ತಿದ್ದರು.

ಆರನೆಯ ಇಯತ್ತೆ ಮುಗಿಸಿದ ಆ ಬೇಸಗೆಯಲ್ಲಿ ನಾನು ಯಾರಿಗೂ ಹೇಳದೆ ಸಾಕ್ಷಿಗೆ ಎದ್ದು ನಿಂತೆ. ಬಹಳ ಜನ ಕಣ್ಣೊರೆಸಿಕೊಂಡಿದ್ದ ಒಂದು ಹಳೆಯ ಸಾಕ್ಷಿಯನ್ನು ಚೆನ್ನಾಗಿ ಉರು ಹೊಡೆದಿದ್ದೆ.

"ನಾ ದೊಡ್ಡ ಪಾಪಿ ಇದ್ದೆ. ಕುಡಿಯೂದು, ಇಸ್ಪೀಟ ಆಡೂದು, ಹೆಂಡ್ತಿ ಮಕ್ಕಳನ್ನ ಬಡಿಯೂದು, ಎಲ್ಲಾ ಮಾಡತಿದ್ದೆ..."

ಸಭೆ ಬಿದ್ದು ಬಿದ್ದು ನಕ್ಕಿತು. ರೂತ ಬೆಂಚಿನ ಕೆಳಗೆ ಬಗ್ಗಿ ಮುಖ ಮುಚ್ಚಿಕೊಂಡಳು. ಅಪ್ಪ ನಗಲಿಲ್ಲ.

"ಅದು ಯಾರದೋ ಸಾಕ್ಷಿ, ಸುಮತಿ. ನಿಂದು ಹೇಳು. ಯಾಕ ಬೇಕು ನಿನಗ?"

ನನಗೆ ಅಳು ಒತ್ತಿಬಂತು. "ನೀರಾಗ ನೀವು ಎಲ್ಲಾರ್ನೂ ಹಿಡ್ಕೋತೀರಿ. ನನ್ನೂ ಒಮ್ಮೆರ ಹಿಡ್ಕೋರಿ ಅಂತ."

ಈಗ ಯಾರೂ ನಗಲಿಲ್ಲ. ಸಭೆಯ ಹಿರಿಯರಾದ ದಾನಪ್ಪ ಕಾಕಾ ಮೆಲ್ಲಗೆ ಎದ್ದರು. "ಕೊಟ್ಟ ಬಿಡ್ರಿ ಪಾಸ್ಟರ್. ಕೂಸು ಆಸೆಪಟ್ಟು ಕೇಳಾಕತ್ತೈತಿ. ನಿಮ್ಮ ಮಗಳಿಗೆ ಯಾರು ಬ್ಯಾಡ ಅಂತಾರ?"

"ನಾ ಅಂತೇನ್ರಿ ಕಾಕಾ. ಆಕಿ ಖರೇನ ಹೇಳ್ಯಾಳ. ಆದ್ರ ಇಷ್ಟು ಸಾಲೂದಿಲ್ಲ. ಆಕಿ ದೇವರನ್ನ ಕೇಳಲಿಲ್ರಿ, ಅಪ್ಪನ್ನ ಕೇಳಿದ್ಲು." ಅಪ್ಪ ಸತ್ಯವೇದವನ್ನು ಮುಚ್ಚಿದರು. "ಅದನ್ನ ನಾ ಮನ್ಯಾಗನ ಕೊಡಬೇಕಾಗಿತ್ತು."

ಗಬ್ಬೂರಿನ ಬಯಲಿನ ಕೊನೆಗೂ ಮುಟ್ಟುತ್ತಿದ್ದ ದನಿ ಆ ಹೊತ್ತು ಮೂರನೆಯ ಬೆಂಚಿಗೂ ಮುಟ್ಟಲಿಲ್ಲ. ಎದುರಿಗಿದ್ದ ನನಗೆ ಕೇಳಿಸಿತು, ಆದರೆ ಅರ್ಥವಾದದ್ದು ಒಂದೇ ಮಾತು, ಸಾಲೂದಿಲ್ಲ. ಆ ವಾರವೆಲ್ಲ ನಾನು ಅಪ್ಪನ ಮುಖ ನೋಡಲಿಲ್ಲ. ಅವ್ವ ರೊಟ್ಟಿಗೆ ಶೇಂಗಾ ಚಟ್ನಿ, ಬೆಣ್ಣೆ ಹಚ್ಚಿ ಓಲೈಸಿದಳು. ತಿಂದೆ, ಆದರೂ ಸಿಟ್ಟು ಬಿಡಲಿಲ್ಲ.

ಮುಂದಿನ ಭಾನುವಾರ ಬಿಳಿ ಬಟ್ಟೆ ತೊಟ್ಟು ಕೆರೆಗೆ ಇಳಿದವರಲ್ಲಿ ರೂತಳೂ ಇದ್ದಳು. ಅವಳ ಸಾಕ್ಷಿ ಒಪ್ಪಿಗೆಯಾಗಿತ್ತು. ನಾನು ದಂಡೆಯ ಮೇಲೆ ಎಲ್ಲರ ಚಪ್ಪಲಿ ಕಾಯುತ್ತ ಕೂತೆ. ಅಪ್ಪ ಅವಳ ಕತ್ತಿನ ಹಿಂದೆ ಕೈ ಇಟ್ಟಾಗ ಮುಖ ತಿರುಗಿಸಿ ಚಪ್ಪಲಿಗಳನ್ನು ಮತ್ತೆ ಜೋಡಿಸತೊಡಗಿದೆ.

ಎಲ್ಲ ಮುಗಿದು ಜನ ಮರದಡಿ ಶಿರಾ ಉಪ್ಪಿಟ್ಟಿಗೆ ಹೊರಟರು. ಅಪ್ಪ ಮಾತ್ರ ನೀರಿನಿಂದ ಮೇಲೆ ಬರಲಿಲ್ಲ.

"ಸುಮತಿ, ಬಾ ಇಲ್ಲೆ."

ಫ್ರಾಕಿನಲ್ಲೇ ಇಳಿದೆ. ನೀರು ಮೇಲೆ ಬಿಸಿ, ಕೆಳಗೆ ತಣ್ಣಗೆ. ಕಾಲಬೆರಳ ಸಂದಿಯಲ್ಲಿ ಕೆಸರು.

"ಇದು ದೀಕ್ಷಾಸ್ನಾನ ಅಲ್ಲ, ತಿಳೀತಿಲ್ಲೊ? ಪ್ರಾರ್ಥನಿ ಇಲ್ಲ, ಏನಿಲ್ಲ. ಬರೇ ನೀರು. ಅಂಗಾತ ಮಲಗು."

ಮಲಗಿದೆ. ಕತ್ತಿನ ಕೆಳಗೆ ಅಪ್ಪನ ಕೈ ಬಂತು. ಕಿವಿಯಲ್ಲಿ ನೀರು ತುಂಬಿ ಲೋಕದ ಸದ್ದೆಲ್ಲ ನಿಂತಿತು. ಮೇಲೆ ಅಪ್ಪನ ಮುಖ, ಅದರ ಹಿಂದೆ ಆಕಾಶ. ದಂಡೆಯಲ್ಲಿ ದಾನಪ್ಪ ಕಾಕಾ ಏನೋ ಕೈ ಮಾಡುತ್ತಿದ್ದರು, ಸಂಜೆಯ ಕೂಟಕ್ಕೆ ತಡವಾಗುತ್ತದೆಂದು ಇರಬೇಕು. ಅಪ್ಪ ತಿರುಗಿ ನೋಡಲಿಲ್ಲ.

ನಾನು ತಲೆ ಎತ್ತಿದಾಗ ಕೇಳಿದರು, "ಬಿಡಲ್ಯಾ?"

"ಬ್ಯಾಡ್ರಿ."

ಬಿಡಲಿಲ್ಲ. ಬಹಳ ಹೊತ್ತಿನ ಮೇಲೆ ಹೇಳಿದರು, "ನಿನ್ನ ಸಾಕ್ಷಿ ನಿನಗ ಸಿಕ್ಕಾಗ ಬಂದು ಹೇಳು. ನಾ ಇರ್ತೇನಿ."

ಇರಲಿಲ್ಲ. ನಾನು ಕಾಲೇಜಿನಲ್ಲಿದ್ದಾಗ, ಒಂದು ಕೂಟ ಮುಗಿಸಿ ಬರುವ ದಾರಿಯಲ್ಲಿ ಎದೆನೋವು ಬಂದು ಹೋಗಿಬಿಟ್ಟರು. ಮಣ್ಣಿಗೆ ಬಂದ ಜನ ರಸ್ತೆಯಲ್ಲಿ ಹಿಡಿಸಲಿಲ್ಲ. ಅವರೆಲ್ಲ ನನ್ನ ಕೈ ಹಿಡಿದು, ತಮ್ಮನ್ನು ನೀರಿನಿಂದ ಎತ್ತಿದವರು ಅಪ್ಪನೇ ಎಂದು ಅಳುತ್ತಿದ್ದರು. ನಾನು ಯಾರ ಕೈ ಹಿಡಿದು ಏನು ಹೇಳಲಿ?

ಈಗ ಸಭೆಯವರು ಕೆರೆಗೆ ಹೋಗುವುದಿಲ್ಲ. ಆರಾಧನೆಯ ಗುಡಿಯೊಳಗೇ ಟೈಲ್ಸ್ ಹಾಕಿಸಿದ ತೊಟ್ಟಿ ಇದೆ, ಮೋಟಾರ್ ಹಾಕಿದರೆ ತುಂಬುತ್ತದೆ. ಹೊಸ ಪಾಸ್ಟರ್ ಒಳ್ಳೆಯ ಹುಡುಗ. ಕಂಡಾಗಲೆಲ್ಲ ಕರೆಯುತ್ತಾನೆ.

"ಯಾವಾಗ ಬೇಕಾದ್ರೂ ಬರ್ರಿ ಅಕ್ಕಾರ. ನಿಮಗ ಸಾಕ್ಷಿ ಗೀಕ್ಷಿ ಏನೂ ಬ್ಯಾಡ. ಅಂಥವರ ಮಗಳು ನೀವು."

ನಾನು ಹೋಗಿಲ್ಲ. ಪ್ರಾರ್ಥನೆ ಬಿಟ್ಟವಳಲ್ಲ, ಆರಾಧನೆಗೂ ತಪ್ಪಿಸುವುದಿಲ್ಲ. ಆದರೆ ಯಾಕೆ ಬೇಕೆಂದು ನನ್ನನ್ನೇ ಕೇಳಿಕೊಂಡಾಗ ಈ ವಯಸ್ಸಿನಲ್ಲೂ ಮೊದಲು ಬಾಯಿಗೆ ಬರುವುದು ಆರನೆಯ ಇಯತ್ತೆಯ ಹುಡುಗಿಯ ಉತ್ತರವೇ. ಅದನ್ನು ಕೇಳಿ, ನನ್ನ ಮುಖ ನೋಡಿ, ಇಷ್ಟು ಸಾಲೂದಿಲ್ಲ ಎನ್ನುವಷ್ಟು ನನ್ನನ್ನು ಪ್ರೀತಿಸುವವರು ಈಗ ಯಾರೂ ಇಲ್ಲ.