ಲಂಕೆಯ ಸುತ್ತ ಹತ್ತು ದಿನ

ಜೂನ್ ತಿಂಗಳ ಒಂದು ಭಾನುವಾರ ಮದ್ದೂರಿನ ನಮ್ಮ ಮನೆಯಲ್ಲಿ ನಾನು ಮುದ್ದೆ ತಿರುವುತ್ತಿದ್ದಾಗ ನನ್ನ ಗಂಡ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, "ಲಂಕೆಗೆ ಓಗಣ ಕಣೆ," ಎಂದರು.

"ಯಾವ ಲಂಕೆ?"

"ಇರೋದು ಒಂದೇ ಲಂಕೆ. ನೀನು ಕಾರು ಓಡ್ಸು, ನಾನು ಪಕ್ಕದಲ್ಲಿ ಕೂತ್ಕತೀನಿ. ಡಿಸೆಂಬರಲ್ಲಿ ದ್ವೀಪನ ಒಂದು ಸುತ್ತು ಹಾಕ್ಕಂಡು ಬರಾಣ."

ನಾನು ನಕ್ಕೆ. ಆದರೆ ಊಟ ಮುಗಿಯುವ ಹೊತ್ತಿಗೆ ಇಬ್ಬರೂ ತಟ್ಟೆ ಪಕ್ಕಕ್ಕೆ ಸರಿಸಿ ಮೊಬೈಲಿನಲ್ಲಿ ಕೊಲಂಬೊದಿಂದ ಅನುರಾಧಪುರಕ್ಕೆ ಎಷ್ಟು ಗಂಟೆ ದಾರಿ ಎಂದು ಹುಡುಕುತ್ತಿದ್ದೆವು. ಮುದ್ದೆ ಅಂಟಿದ ಕೈ ಅಲ್ಲೇ ಒಣಗಿತ್ತು.

ಅವರಿಗೆ ಅನುರಾಧಪುರದ ಬೋಧಿವೃಕ್ಷ ನೋಡುವ ಆಸೆ ಚಿಕ್ಕಂದಿನದು. ನಮ್ಮದು ಬೌದ್ಧ ಮನೆತನ. ಅಶೋಕನ ಮಗಳು ಮೂಲ ಬೋಧಿವೃಕ್ಷದ ಕೊಂಬೆಯನ್ನು ಹಡಗಿನಲ್ಲಿ ಅಲ್ಲಿಗೆ ಹೊತ್ತು ಹೋದ ಕತೆಯನ್ನು ನಮ್ಮ ಮಾವ ಸಾಯುವ ತನಕ ಹೇಳುತ್ತಿದ್ದರು. ನನಗಿದ್ದದ್ದು ಬೇರೆ ಆಸೆ. ಚಹಾ ತೋಟಗಳ ನಡುವೆ ಹತ್ತಿ ಇಳಿಯುವ ಬೆಟ್ಟದ ರಸ್ತೆ, ಒಂದು ಕಡೆ ಸಮುದ್ರವನ್ನೇ ಇಟ್ಟುಕೊಂಡು ದಿನವಿಡೀ ಸಾಗುವ ದಕ್ಷಿಣದ ರಸ್ತೆ. ನನಗೆ ಓಡಿಸುವುದೆಂದರೆ ಅಷ್ಟು ಇಷ್ಟ.

ಓಡಿಸುವುದನ್ನು ನಾನು ಕಲಿತಿದ್ದು ಅವರಿಗಾಗಿ. ಎಳೆತನದಲ್ಲಿ ಬಂದ ಪೋಲಿಯೊದಿಂದ ಅವರ ಬಲಗಾಲಿಗೆ ಶಕ್ತಿ ಇಲ್ಲ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಮದುವೆಯಾದ ಹೊಸದರಲ್ಲಿ ಬಸ್ಸಿನ ಮೆಟ್ಟಿಲು ಹತ್ತಲು ಅವರು ಪಡುತ್ತಿದ್ದ ಪಾಡು ನೋಡಲಾರದೆ, ನಮ್ಮ ಬೀದಿಯ ಕೊನೆಯಲ್ಲಿ ಗ್ಯಾರೇಜು ಇಟ್ಟಿದ್ದ ಸಾಬರ ಹತ್ತಿರ ಹೋಗಿ ಕಾರು ಕಲಿಸಿ ಎಂದೆ. ಒಂದು ತಿಂಗಳು ಬೈದು ಬೈದು ಕಲಿಸಿದರು. ಅಲ್ಲಿಂದ ಮುಂದೆ ನನ್ನ ಗಂಡ ನೋಡಿದ ಊರುಗಳನ್ನೆಲ್ಲ ನನ್ನ ಎಡಬದಿಯ ಸೀಟಿನಲ್ಲಿ ಕೂತೇ ನೋಡಿದರು. ನಾನು ಮಳವಳ್ಳಿಯ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ದಿನಾ ಮದ್ದೂರಿನಿಂದ ಅಲ್ಲಿಗೂ ಕಾರೇ.

ಮೂರು ತಿಂಗಳು ಅದೇ ಮಾತು, ಅದೇ ಕೆಲಸ. ಅವರು ಕಚೇರಿಯಿಂದ ದೊಡ್ಡ ಹಾಳೆ ತಂದು ದ್ವೀಪವನ್ನು ಪೆನ್ಸಿಲ್ಲಿನಲ್ಲಿ ಬರೆದರು. ಜಮೀನಿನ ನಕಾಶೆ ಬರೆದು ಪಳಗಿದ ಕೈ, ಕರಾವಳಿಯ ಒಂದು ಕೊಂಕನ್ನೂ ಬಿಡಲಿಲ್ಲ. ಡಿಸೆಂಬರಿನಲ್ಲಿ ಪೂರ್ವ ತೀರದಲ್ಲಿ ಮಳೆ ಎಂದು ಗೊತ್ತಾಗಿ ತ್ರಿಂಕೋಮಲಿಯನ್ನು ಅಳಿಸಿದರು, ಒಂದು ವಾರ ಬಿಟ್ಟು ಮತ್ತೆ ಬರೆದರು. "ಮಳೆ ಬಂದ್ರೆ ಬರ್ಲಿ ಬುಡು, ನಿನ್ಗೇನು ಮಳೇಲಿ ಓಡ್ಸಿ ಅಭ್ಯಾಸ ಇಲ್ವಾ," ಎಂದರು. ಅಲ್ಲಿಯೂ ನಮ್ಮ ಹಾಗೆಯೇ ಎಡಗಡೆ ಓಡಿಸುವುದು ಎಂದು ತಿಳಿದಾಗ, ಆ ದ್ವೀಪ ನಮಗೆಂದೇ ಆದದ್ದು ಅನ್ನಿಸಿತು.

ವಿದೇಶದಲ್ಲಿ ಓಡಿಸಲು ಬೇರೆಯದೇ ಪರವಾನಗಿ ಬೇಕು. ಅದಕ್ಕೆ ಅರ್ಜಿಯ ಜೊತೆ ವೈದ್ಯರ ಪ್ರಮಾಣಪತ್ರವನ್ನೂ ಇಡಬೇಕೆಂದರು. ಅಕ್ಟೋಬರಿನಲ್ಲಿ, ದಸರಾ ರಜೆಯಲ್ಲಿ, ಅದನ್ನು ಮಾಡಿಸಲು ನಾನೊಬ್ಬಳೇ ಮಂಡ್ಯಕ್ಕೆ ಹೋದೆ. ಹತ್ತು ನಿಮಿಷದ ಕೆಲಸ ಎಂದುಕೊಂಡಿದ್ದೆ. ಮಧ್ಯವಯಸ್ಸಿನ ಡಾಕ್ಟರಮ್ಮ, ಗೋಡೆಯ ಅಕ್ಷರಗಳನ್ನು ಓದಿಸಿದರು. ಕೊನೆಯ ಸಾಲಿನವರೆಗೂ ಓದಿದೆ. ಎದುರಿಗೆ ಕೂತು, "ನನ್ನ ಮೂಗು ನೋಡ್ತಿರಿ, ಬೆರಳು ಕಾಣಿಸಿದ ತಕ್ಷಣ ಹೇಳಿ," ಎಂದರು. ಬಲಗಡೆಯಿಂದ ಬೆರಳು ಬಂತು, ಹೇಳಿದೆ. ಆಮೇಲೆ ನಾನು ಕಾಯುತ್ತಲೇ ಇದ್ದೆ.

"ಎಡಗಡೆದು ಶುರು ಮಾಡಿ ಮೇಡಂ," ಎಂದೆ.

"ಶುರು ಮಾಡಿ ಆಯ್ತು," ಎಂದರು.

ಅದೇ ದಿನ ಪಕ್ಕದ ಬೀದಿಯ ಕಣ್ಣಿನ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಅಲ್ಲಿ ಕತ್ತಲೆಯ ಕೋಣೆಯಲ್ಲಿ ಗದ್ದವನ್ನು ಒಂದು ಯಂತ್ರದ ಮೇಲೆ ಇಡಿಸಿ, ಕೈಗೆ ಗುಂಡಿ ಕೊಟ್ಟು, ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಒತ್ತಲು ಹೇಳಿದರು. ಬಹಳ ಹೊತ್ತು ಒಂದೂ ಚುಕ್ಕಿ ಕಾಣದೆ ಇದ್ದಾಗ ನನಗೆ ಭಯವಾಯಿತು. ಸುಮ್ಮನೆ ಅಂದಾಜಿಗೆ ಒತ್ತತೊಡಗಿದೆ. ಪರೀಕ್ಷೆ ನಡೆಸುತ್ತಿದ್ದ ಹೆಂಗಸು ಯಂತ್ರ ನಿಲ್ಲಿಸಿ, "ಬೆಳಕು ಇಲ್ದೇ ಇದ್ದಾಗ್ಲೂ ಒತ್ತಿದ್ದೀರ, ಮೊದಲಿಂದ ಮಾಡಣ," ಎಂದಳು. ನಕಲು ಹೊಡೆಯುವಾಗ ಸಿಕ್ಕಿಬಿದ್ದ ಮಕ್ಕಳನ್ನು ನಾನು ಎಬ್ಬಿಸಿ ನಿಲ್ಲಿಸುತ್ತಿದ್ದೆ. ಅವತ್ತು ಆ ಕತ್ತಲೆಯಲ್ಲಿ ಅವರ ಕಷ್ಟ ಗೊತ್ತಾಯಿತು.

ಪರೀಕ್ಷೆ ಮುಗಿದ ಮೇಲೆ ಅಲ್ಲಿನ ಡಾಕ್ಟರು ಗ್ಲಾಕೋಮಾ ಎಂದರು. ಎಡಗಣ್ಣಿನಲ್ಲಿ ನಡುವಿನ ಒಂದಿಷ್ಟು ನೋಟ ಬಿಟ್ಟು ಮಿಕ್ಕಿದ್ದೆಲ್ಲ ಹೋಗಿದೆ, ಬಲಗಣ್ಣಿನಲ್ಲೂ ಶುರುವಾಗಿದೆ, ಹೋಗಿದ್ದು ಬರುವುದಿಲ್ಲ, ಇರುವುದನ್ನು ಔಷಧಿ ಹಾಕಿ ಉಳಿಸಿಕೊಳ್ಳಲು ನೋಡಬೇಕು.

"ನನಗೆ ಗೊತ್ತೇ ಆಗ್ಲಿಲ್ವಲ್ಲ ಡಾಕ್ಟ್ರೆ," ಎಂದೆ.

"ಗೊತ್ತಾಗಲ್ಲ ಮೇಡಂ. ಇನ್ಮೇಲೆ ಗಾಡಿ ಓಡಿಸ್ಬೇಡಿ. ಇವತ್ತು ಹೇಗೆ ಬಂದ್ರಿ?"

ಕಾರನ್ನು ಆಸ್ಪತ್ರೆಯ ಮುಂದೆಯೇ ಬಿಟ್ಟು ಬಸ್ಸಿನಲ್ಲಿ ಮದ್ದೂರಿಗೆ ಬಂದೆ. ಮಾರನೇ ದಿನ ಸಾಬರು ಹೋಗಿ ಕಾರು ತಂದರು. ಕೀಲಿಕೈಯನ್ನು ನನ್ನ ಕೈಗೆ ಕೊಡದೆ ಮೇಜಿನ ಮೇಲಿಟ್ಟರು. ಬೇಸಿಗೆಯಲ್ಲಿ ಕಾರು ರಿಪೇರಿಗೆ ಬಿಟ್ಟಾಗಲೇ ಅವರು ನನಗೆ ಹೇಳಿದ್ದರು: "ಎಲ್ಲಾ ಪೆಟ್ಟೂ ಎಡಗಡೇನೇ ಬೀಳ್ತಾವಲ್ಲ ಮೇಡಮ್ಮೋರೆ, ಒಂದ್ಸಲ ಕಣ್ಣು ತೋರ್ಸಿ." ನಾನು ಆಗ ಸಿಟ್ಟಾಗಿ, ರಸ್ತೆ ಸರಿ ಇಲ್ಲ ಎಂದಿದ್ದೆ. ಈಗ ಅವರು ಆ ಮಾತು ಎತ್ತಲಿಲ್ಲ. ಎತ್ತಿದ್ದರೆ ವಾಸಿಯಿತ್ತು.

ಒಂದು ವಾರವಾದ ಮೇಲೆ ನನ್ನ ಗಂಡ ಹೇಳಿದರು. "ಅಲ್ಲೇ ಡ್ರೈವರ್ ಸಿಗ್ತಾರಂತೆ. ಓಗಣ. ಕಣ್ಣು ಇರೋವಾಗ್ಲೇ ನೋಡ್ಬುಡು."

"ನಾನು ಹೊರಟಿದ್ದು ನೋಡಕ್ಕಲ್ಲ. ಓಡ್ಸಕ್ಕೆ."

"ಹಂಗಾರೆ ನಾನು? ನನ್ನ ಆಸೆ ಲೆಕ್ಕಕ್ಕಿಲ್ವಾ?"

ಅವರು ನನ್ನ ಮೇಲೆ ದನಿ ಎತ್ತಿದ್ದು ಅಪರೂಪ. ಉತ್ತರ ಕೊಡಬೇಕೆಂದರೆ ಅವರಿಗೆ ಗೊತ್ತಿಲ್ಲದ ಒಂದು ಸಂಗತಿ ಹೇಳಬೇಕಾಗಿತ್ತು.

ಮಾರ್ಚಿನಲ್ಲಿ ಒಂದು ಸಂಜೆ ಬೆಸಗರಹಳ್ಳಿ ಕಡೆಯ ನನ್ನ ತವರಿನಿಂದ ಒಬ್ಬಳೇ ಬರುತ್ತಿದ್ದೆ. ಒಂದು ತಿರುವಿನಲ್ಲಿ ಎಡಗಡೆ ಧಡ್ ಎಂದಿತು. ಕನ್ನಡಿ ಒಡೆದು ಜೋತುಬಿದ್ದಿತ್ತು. ಇಳಿದು ನೋಡಿದರೆ, ಹುಲ್ಲಿನ ಹೊರೆ ಚೆಲ್ಲಾಡಿದ ನಡುವೆ ಐವತ್ತು ದಾಟಿದ ಒಬ್ಬ ಹೆಂಗಸು ಮಣಿಕಟ್ಟು ಹಿಡಿದುಕೊಂಡು ಕೂತಿದ್ದಳು. ನಾನು ಅವಳಿಗೆ ಬೈದೆ. ಎಲ್ಲಿಂದಲೋ ಇದ್ದಕ್ಕಿದ್ದ ಹಾಗೆ ಅಡ್ಡ ಬಂದರೆ ಓಡಿಸುವವರು ಏನು ಮಾಡಬೇಕು ಎಂದೆ. ನನಗೆ ನಿಜಕ್ಕೂ ಹಾಗೇ ಅನ್ನಿಸಿತ್ತು. ಅವಳು ಗಾಳಿಯಿಂದ ಉದುರಿದವಳಂತೆ ಬಂದಿದ್ದಳು. "ನಂದೇ ತಪ್ಪು ಕಣವ್ವ, ಓಗಿ," ಎಂದಳು. ಆಸ್ಪತ್ರೆಗೆ ಬನ್ನಿ ಎಂದು ಒಂದು ಸಲ ಕರೆದೆ. ಬ್ಯಾಡ ಎಂದಳು. ಎರಡನೇ ಸಲ ಕರೆಯಲಿಲ್ಲ. ಮನೆಯಲ್ಲಿ ಕನ್ನಡಿಗೆ ಕಂಬ ತಾಗಿತು ಎಂದೆ.

ನವೆಂಬರಿನಲ್ಲಿ ಬಸ್ಸು ಹತ್ತಿ ಆ ತಿರುವಿನಲ್ಲಿ ಇಳಿದೆ. ಅಲ್ಲಿನ ಟೀ ಅಂಗಡಿಯವರು ಆ ಹೆಂಗಸಿನ ಮನೆ ತೋರಿಸಿದರು. ಅವಳು ಜಗಲಿಯ ಮೇಲೆ ಕೂತು ಎಡಗೈಯಲ್ಲಿ ಹುರುಳಿ ಕೇರುತ್ತಿದ್ದಳು. ಮೊರ ಒಂದು ಕಡೆ ವಾಲುತ್ತಿತ್ತು. ಬಲ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತ್ತು. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದಳು.

"ಕಾರಿನವ್ರಲ್ವಾ?"

"ಹೂಂ. ಅವತ್ತು ನೀವು ಅಡ್ಡ ಬರ್ಲಿಲ್ಲ. ನನಗೆ ಆ ಕಡೆ ಕಣ್ಣು ಕಾಣ್ತಿರ್ಲಿಲ್ಲ. ಈಗ ಗೊತ್ತಾಯ್ತು. ಅದನ್ನ ಹೇಳಕ್ಕೆ ಬಂದೆ."

"ನಾನು ಅಡ್ಡ ಬರ್ನಿಲ್ಲ ಅಂತ ನಂಗವತ್ತೇ ಗೊತ್ತಿತ್ತು ಕಣವ್ವ."

"ಮತ್ತೆ ಯಾಕೆ ನಂದೇ ತಪ್ಪು ಅಂದ್ರಿ?"

"ಕಾರಲ್ಲಿ ಬಂದೋರ ತಾವ ಇನ್ನೇನ್ ಅನ್ನಾದು?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಮೂಳೆ ಡಾಕ್ಟರ ಹತ್ತಿರ ಮಂಡ್ಯಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದೆ. "ಕೂಡ್ಕಂಡ್ ಮೂಳೆಗೆ ಈಗೇನ್ ಮಾಡಾರು? ಆಲು ಕರೆಯಕ್ಕಾಗಕ್ಕಿಲ್ಲ ಅಂತ ಅಸೂನೂ ಕೊಟ್ಬುಟ್ಟೆ," ಎಂದಳು. ಆಮೇಲೆ ನನ್ನ ಮುಖವನ್ನೇ ನೋಡುತ್ತಾ, "ನೀವು ಏಳ್ಕಂಡು ಅಗುರಾದ್ರಿ. ಓಗಿ ಬನ್ನಿ, ಬಸ್ಸು ತಪ್ಪೋಯ್ತದೆ," ಎಂದು ಮೊರ ಎತ್ತಿಕೊಂಡು ಒಳಗೆ ಹೋದಳು. ನಾನು ಸ್ವಲ್ಪ ಹೊತ್ತು ಅಂಗಳದಲ್ಲೇ ನಿಂತಿದ್ದೆ. ಅವಳು ಹೊರಗೆ ಬರಲಿಲ್ಲ. ನನಗೆ ಹಗುರವೂ ಆಗಿರಲಿಲ್ಲ.

ಮನೆಗೆ ಬಂದು ನನ್ನ ಗಂಡನಿಗೆ ಎಲ್ಲ ಹೇಳಿದೆ. ಮಾರ್ಚಿನಿಂದ ಅಕ್ಟೋಬರಿನವರೆಗೆ ಮಳವಳ್ಳಿ ರಸ್ತೆಯಲ್ಲಿ, ಬಸ್ಸಿಗೆ ಕಾಯುತ್ತಾ ಎಡಗಡೆ ನಿಂತಿರುವ ಮಕ್ಕಳ ಪಕ್ಕದಲ್ಲೇ ದಿನಾ ಎರಡು ಸಲ ಹಾದುಹೋಗಿದ್ದೇನೆ ಎಂದೆ. ಅವರಿಗೆ ಹೆಂಗಸಿನ ಕೈಯ ಬಗ್ಗೆ ಬೇಸರವಾಗಬಹುದು, ನಾನು ಮುಚ್ಚಿಟ್ಟಿದ್ದಕ್ಕೆ ಬೈಯಬಹುದು ಎಂದುಕೊಂಡಿದ್ದೆ. ಅವರು ಬೇರೆಯದನ್ನೇ ಕೇಳಿದರು.

"ಹಂಗಾರೆ ನಾನು ಪಕ್ಕದಲ್ಲಿ ಕೂತಿರ್ತಿದ್ನಲ್ಲ, ನಾನು ನಿನ್ಗೆ ಕಾಣ್ತಿರ್ಲಿಲ್ವಾ?"

"ತಿರುಗಿದ್ರೆ ಕಾಣ್ತಿದ್ರಿ."

"ಎಷ್ಟು ದಿವಸದಿಂದ?"

ಗೊತ್ತಿಲ್ಲ ಎಂದೆ. ಅದು ನಿಜ. ಅವರು ಕಿಟಕಿಯ ಕಡೆ ಕೈ ತೋರಿಸಿ ಮಾತಾಡಿದಾಗ ನಾನು ಹೂಂಗುಟ್ಟಿದ ಊರುಗಳು ಎಷ್ಟೋ. ಅವುಗಳಲ್ಲಿ ಯಾವುದನ್ನು ನೋಡಿದ್ದೆ, ಯಾವುದನ್ನು ಬರೀ ಕೇಳಿದ್ದೆ ಎಂದು ಈಗ ಬೇರ್ಪಡಿಸಲಾರೆ. ಅವರು ಎದ್ದು ಹೋಗಿ ಕಾದಿರಿಸಿದ್ದ ಕೋಣೆಗಳನ್ನೂ ಕಾರನ್ನೂ ಒಂದೊಂದಾಗಿ ಮೊಬೈಲಿನಲ್ಲಿ ರದ್ದು ಮಾಡಿದರು. ಅನುರಾಧಪುರದ್ದು ಕೊನೆಗೆ.

ವಿದೇಶ ಪ್ರವಾಸಕ್ಕೆ ಇಲಾಖೆಯ ಅನುಮತಿ ಪತ್ರ ಡಿಸೆಂಬರ್ ಮೊದಲ ವಾರ ಶಾಲೆಗೆ ಬಂತು. ಮುಖ್ಯೋಪಾಧ್ಯಾಯರು ಸಂತೋಷದಿಂದ ಕೈಗಿತ್ತರು. ಮಕ್ಕಳ ಪರೀಕ್ಷೆ ಹತ್ತಿರ ಬಂತು, ಹೋಗುತ್ತಿಲ್ಲ ಎಂದೆ. ಒಳ್ಳೆಯ ಶಿಕ್ಷಕಿ ಎಂದು ಎಲ್ಲರೆದುರು ಹೊಗಳಿದರು. ತಲೆ ತಗ್ಗಿಸಿ ಕೇಳಿಸಿಕೊಂಡೆ.

ಈಗ ನಾನು ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಇಳಿಯುವಾಗ ಕಂಡಕ್ಟರು, "ಎಡಗಡೆ ನೋಡ್ಕಳಿ ಮೇಡಮ್ಮೋರೆ," ಎನ್ನುತ್ತಾರೆ. ಎಲ್ಲರಿಗೂ ಅನ್ನುವ ಮಾತು ಅದು. ಭಾನುವಾರಗಳಲ್ಲಿ ನನ್ನ ಗಂಡ ಹೊರಗೆ ಹೋಗುವ ಮಾತನ್ನೇ ಆಡುವುದಿಲ್ಲ. ಬೆಳಿಗ್ಗೆ ನನ್ನ ತಲೆ ಹಿಂದಕ್ಕೆ ಬಾಗಿಸಿ ಎರಡೂ ಕಣ್ಣಿಗೆ ಔಷಧಿ ಬಿಡುತ್ತಾರೆ, ಐದು ನಿಮಿಷ ತೆರೀಬೇಡ ಎನ್ನುತ್ತಾರೆ. ಆಮೇಲೆ ಗೋಡೆ ಹಿಡಿದುಕೊಂಡು ಬಾಗಿಲವರೆಗೆ ನಡೆದುಹೋಗಿ ಬೀದಿ ನೋಡುತ್ತಾ ನಿಲ್ಲುತ್ತಾರೆ. ಅವರು ಯಾವ ಕಡೆ ನೋಡುತ್ತಿದ್ದಾರೆ ಎಂದು ನಾನು ಕೇಳುವುದಿಲ್ಲ.