ಉಸಾಬರಿ ಆಯಿ

ಗಂಗಾವತಿಯ ನಮ್ಮ ಓಣಿಯಲ್ಲಿ ಪಕ್ಕದ ಮನೆಯ ಆಯಿಗೆ ಎಲ್ಲರೂ ಇಟ್ಟ ಹೆಸರು ಉಸಾಬರಿ. ನಮ್ಮ ಒಲೆಯ ಮೇಲೆ ಸಾಸಿವೆ ಸಿಡಿದರೆ ಸಾಕು, ಗೋಡೆಯಾಚೆಯಿಂದ "ಏನ ಪಲ್ಯೆ ಇವತ್ತ?" ಎನ್ನುವಳು. ಉಸಾಬರಿ ಎಂದರೆ ಮೊದಲು ಹೊಣೆ ಎಂದೇ ಅರ್ಥ, ಮದುವೆಯ ಉಸಾಬರಿ ಹೊತ್ತವನಿಗೆ ಮರ್ಯಾದೆಯೂ ಇತ್ತು ಎಂದು ಮಾಸ್ತರರಾಗಿದ್ದ ಅಪ್ಪ ಹೇಳುತ್ತಿದ್ದರು. ಯಾರೂ ಹೊರಿಸದಿದ್ದರೂ ತಾವೇ ಹೊತ್ತುಕೊಳ್ಳುವವರಿಂದ ಅದು ಬೈಗುಳವಾಯಿತಂತೆ. ನನಗೆ ಅರ್ಥ ಕಟ್ಟಿಕೊಂಡು ಏನಾಗಬೇಕು? ಆ ಮುದುಕಿಯನ್ನು ಕಂಡರೆ ಮೈ ಉರಿಯುತ್ತಿತ್ತು.

ತಂಗಿಗೆ ಒಮ್ಮೆ ನಿಶ್ಚಯವಾಗಿ ಮುರಿದಿತ್ತು. ಆಮೇಲೆ ಯಲಬುರ್ಗಾ ಕಡೆಯ ಸಂಬಂಧವೊಂದು ಕೂಡಿಬಂತು. ತಂಗಿ ಮತ್ತೆ ನಗಲು ಶುರುಮಾಡಿದ್ದಳು. ನಮ್ಮಲ್ಲಿ ಹುಡುಗನ ಕಡೆಯವರು ಓಣಿಗೆ ಬಂದು ನೆರೆಯವರಲ್ಲಿ ಹುಡುಗಿಯ ವಿಚಾರಣೆ ಮಾಡುತ್ತಾರೆ. ಅವರು ಬರುವ ಸುಳಿವು ಸಿಕ್ಕ ದಿನ ಮನೆಯಲ್ಲಿ ನಾನೊಬ್ಬಳೇ. ಹಳೆಯದನ್ನೆಲ್ಲ ಒದರಿಬಿಟ್ಟಾಳೆಂದು ಆಯಿಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದೆ. ಆಕೆ ಬಡಿಯುತ್ತಲೇ ಇದ್ದಳು. ನಾನು ಟಿ.ವಿ.ಯ ಸದ್ದು ಹೆಚ್ಚಿಸಿದೆ.

ಸಂಜೆ ಚಿಲಕ ತೆಗೆದಾಗ ಆಯಿ ನನ್ನ ಗದ್ದ ಮುಟ್ಟಿದಳು. "ಯಾವ ಹುಡುಗ್ರು ಹಾಕಿದ್ವೋ ಏನೋ. ಪುಣ್ಯಾ ಬರಲಿ ನಿನಗ. ಬಂದವರು ಹೋದ್ರೇನವಾ? ಹುಡುಗಿ ಬಂಗಾರದಂಥಾಕಿ, ತಪ್ಪೆಲ್ಲಾ ಮೊದಲಿನವರದು ಅಂತ ಹೇಳಾಕ ಮುಂಜಾನಿಂದ ಕಾದಿದ್ನಿ."

ಮರುದಿನ ಮಧ್ಯಸ್ಥರ ಫೋನು ಎತ್ತಿದವಳೂ ನಾನೇ. "ಓಣ್ಯಾಗ ಯಾರನ್ನ ಕೇಳಿದ್ರೂ ನಮಗ ಗೊತ್ತಿಲ್ರಿ ಅಂದಾರ. ಏನೋ ಮುಚ್ಚಿಡಾಕತ್ತಾರ ಅಂತ ಅವರು ಒಲ್ಲೆ ಅಂದ್ರು" ಎಂದರು. ವಿಚಾರಣೆಗೆ ಬಂದವರಿಗೆ ಗೊತ್ತಿಲ್ಲ ಎಂದರೆ ಹುಡುಗಿಯಲ್ಲಿ ಏನೋ ಐಬಿದೆ ಎಂದೇ ಅರ್ಥ. ಮಂದಿಯ ಗೊಡವೆ ತಮಗೇಕೆ ಎನ್ನುವ ನಮ್ಮ ಸಭ್ಯ ನೆರೆಯವರು ಬಾಯಿ ಬಿಟ್ಟಿರಲಿಲ್ಲ, ಅಷ್ಟೆ.

"ಯಾರ ಏನ ಹೇಳಿದ್ರಕ್ಕಾ?" ಎಂದು ತಂಗಿ ಅತ್ತಳು.

"ಮತ್ಯಾರು? ಆ ಮುದುಕಿ" ಎಂದುಬಿಟ್ಟೆ.

ಓಣಿ ಅದನ್ನೇ ನಂಬಿತು. ತನ್ನನ್ನು ಒಳಗೆ ಕೂಡಿಹಾಕಿದ್ದರೆಂದು ಆಯಿ ಮನೆಮನೆಗೆ ಹೇಳಿಕೊಂಡು ತಿರುಗಿದಳು, ಎಲ್ಲರೂ ನಕ್ಕರು. ಕೊನೆಗೆ ನಮ್ಮ ಬಾಗಿಲಿಗೆ ಬಂದು ಕೈಮುಗಿದಳು. "ಚಿಲಕ ತೆಗದಾಕಿ ನೀನ. ನೀನರ ಹೇಳವಾ."

ತಂಗಿ ನನ್ನ ಮುಖ ನೋಡುತ್ತಿದ್ದಳು.

"ಯಾವ ಚಿಲಕ, ಆಯಿ?" ಎಂದೆ.

ತಂಗಿ ಆಕೆಯ ಮುಖಕ್ಕೆ ಉಗುಳಿದಳು. ನಾನು ತಡೆಯಲಿಲ್ಲ.